ಮಾನಿಟರಿನ ತಲೆಗೆ ರೈಟರ ಪೆಟ್ಟು

ಶನಿವಾರ ಬಟವಾಡೆ. ಆಳುಗಳು ಜಗಲಿಯಲ್ಲಿ ಕೂತಿದ್ದಾರೆ, ಅವರ ಹಾಜರಿ-ಕೂಲಿಯ ಪಟ್ಟಿಯಾದ ಚೆಕ್‌ರೋಲ್ ಕಂಪ್ಯೂಟರಿನೊಳಗೆ ಕೂತಿದೆ, ನಡುವೆ ಮಾನಿಟರ್ ಮುಷ್ಕರ ಹೂಡಿದೆ. ಹಸಿರು ದೀಪ ಮಿಣಕ್ ಅಂತ ಹತ್ತಿ ಆರುತ್ತದೆ, ಮತ್ತೆ ಹತ್ತುತ್ತದೆ. ಒಳಗಿಂದ ಟಿಕ್... ಟಿಕ್... ಅಂತ ಹಲ್ಲಿ ಲೊಚಗುಟ್ಟಿದ ಸದ್ದು. ಎಂಟಕ್ಕೆ ಬಟನ್ ಒತ್ತಿದರೆ ಎಂಟೂವರೆಗೆ ಬೆಳಕು. ಕೊಡಗಿನ ಮಳೆಗಾಲದಲ್ಲಿ ಹಳೇ 17 ಇಂಚಿನ ಎಲ್‌ಸಿಡಿಗಳಿಗೆ ಬರುವ ಕಾಯಿಲೆ ಇದು. ಮನುಷ್ಯರಿಗಾದರೆ ಕೊಡವರ ಕಕ್ಕಡ ತಿಂಗಳ 18ಕ್ಕೆ ಮದ್ದುಸೊಪ್ಪಿನ ಪಾಯಸವಿದೆ. ಇದಕ್ಕೇನು ಕುಡಿಸುವುದು?

ಕುಡಿಸುವುದಿಲ್ಲ, ಬಾರಿಸುತ್ತಾರೆ. ಆ ಅಧಿಕಾರ ತೋಟದ ಲೆಕ್ಕ ಬರೆಯುವ ರೈಟರದು.

ರೈಟರ ಪೆಟ್ಟಿಗೂ ಒಂದು ಶಾಸ್ತ್ರವಿದೆ. ಮೊದಲು ಕೊಡೆ ಮಡಚಿ ಬಾಗಿಲ ಮೂಲೆಗೆ ಒರಗಿಸಬೇಕು. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಬೇಕು. ಕರೆಂಟಿನ ಬಗ್ಗೆ ಅವರಿಗಿರುವ ಭಯ ಅಷ್ಟೇ, ಅಷ್ಟಾದರೂ ಇದೆಯಲ್ಲ. ಆಮೇಲೆ ಮಾನಿಟರಿನ ಬಲಮೂಲೆಗೆ ಎರಡು ಏಟು, ಉಳುವ ಎತ್ತಿನ ಬೆನ್ನು ತಟ್ಟಿದ ಹಾಗೆ. ಕಿವಿಯಿಟ್ಟು ಕೇಳಬೇಕು. ಇನ್ನೂ ಟಿಕ್ ಅಂದರೆ ಹಿಂಬದಿಗೆ ಒಂದು, ಸ್ವಲ್ಪ ಜೋರಾಗಿ. ನಡುವೆ ಎಲೆಯಡಿಕೆ. ಮತ್ತೆ ಬಲಮೂಲೆ. ಹೀಗೆ ಏಳೆಂಟು ಸುತ್ತಾದ ಮೇಲೆ ಪರದೆ ಬೆಳಗುತ್ತದೆ. "ಬಂತು ನೋಡಿ ಸಾಹುಕಾರ್ರೇ! ಎಲ್ಲರ ಕೈಗೂ ಬಗ್ಗೋದಲ್ಲ ಇದು" ಅನ್ನುತ್ತಾರೆ. ಮನೆಯವರೂ ನಂಬಿಬಿಟ್ಟಿರುತ್ತಾರೆ. ರೈಟರು ರಜೆ ಹಾಕಿದ ದಿನ ಫೋನ್ ಮಾಡಿ, "ಎಡಮೂಲೆಗೋ ಬಲಮೂಲೆಗೋ?" ಎಂದು ಕೇಳುವುದೂ ಉಂಟು.

ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಅಂದ ಅಜ್ಜಿಯ ಲೆಕ್ಕ ಇದು. ಪವರ್ ಸಪ್ಲೈ ಬೋರ್ಡಿನಲ್ಲಿ ಕಿರುಬೆರಳಿನ ತುದಿಯಷ್ಟು ದಪ್ಪದ, ವಿದ್ಯುತ್ ಹಿಡಿದಿಡುವ ಐದಾರು ಡಬ್ಬಿಗಳಿವೆ, ಅವೇ ಕೆಪಾಸಿಟರುಗಳು. ಬಿಸಿ ಹೊರಹಾಕುವ ಲೋಹದ ತುಂಡಾದ ಹೀಟ್‌ಸಿಂಕಿನ ಪಕ್ಕ ವರ್ಷಗಟ್ಟಲೆ ನಿಂತು ಅವುಗಳ ಒಳಗಿನ ದ್ರವ ಒಣಗುತ್ತದೆ, ಒಳತಡೆ ಏರುತ್ತದೆ. ಚಳಿಯಲ್ಲಿ ಅದು ಇನ್ನೂ ಹೆಚ್ಚು. ಸಪ್ಲೈ ಏಳಲು ನೋಡುತ್ತದೆ, ವೋಲ್ಟೇಜ್ ನಿಲ್ಲದೆ ಮಲಗುತ್ತದೆ. ಅದೇ ಟಿಕ್ ಟಿಕ್. ಎದ್ದು ಬಿದ್ದು ಎದ್ದು ಬಿದ್ದು ಕೆಪಾಸಿಟರ್ ಬೆಚ್ಚಗಾದಾಗ ತಡೆ ಇಳಿದು ಸಪ್ಲೈ ಬೀಳದೆ ಎದ್ದು ನಿಲ್ಲುತ್ತದೆ. ಆ ಹೊತ್ತಿಗೆ ಯಾರ ಕೈ ಮಾನಿಟರಿನ ಮೇಲಿತ್ತೋ ಕೀರ್ತಿ ಅವರಿಗೆ. ಒಂದೇ ಏಟಿಗೆ ತಕ್ಷಣ ಬಂದರೆ ಎಲ್ಲೋ ಬೆಸುಗೆಯೋ ಜೋಡಣೆಯೋ ಬಿಟ್ಟಿದೆ ಎಂದರ್ಥ, ಆ ಮಾತು ಬೇರೆ. ಒದ್ದೆ ಕಾಲುಚೀಲಗಳ ಜೊತೆ ಮಾನಿಟರನ್ನೂ ಅಗ್ಗಿಷ್ಟಿಕೆಯ ಹತ್ತಿರ ಇಡುವ ಮನೆಗಳಿವೆ. ಭೌತಶಾಸ್ತ್ರದಲ್ಲಿ ಅವರು ರೈಟರಿಗಿಂತ ಮುಂದಿದ್ದಾರೆ, ಆದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ.

ಪೇಟೆಗೆ ಒಯ್ದರೆ ಮುಚ್ಚಳವನ್ನೂ ತೆಗೆಯದೆ ತೀರ್ಪು: "ಬೋರ್ಡೇ ಹೋಗಿದೆ, ಪಾರ್ಟ್ ಬರಲ್ಲ, ಹೊಸದು ತಗೊಳ್ಳಿ." ಸಿಟ್ಟು ಬರುವುದು ಇಲ್ಲೇ. ಹೋಗಿದ್ದರೂ ಏನು ಹೋಗಿದೆ ಎಂದು ನೋಡಬಾರದೇ?

ನೋಡುವುದು ಕಷ್ಟವೂ ಅಲ್ಲ. ಮೊದಲು ಹಿಂದಿನ ವಯರನ್ನು ಒತ್ತಿ ಕೂರಿಸಿ. ಸಿಪಿಯುವಿನ ವಯರೂ ಅದೇ ಜಾತಿ, ಅದಲುಬದಲು ಮಾಡಿ ನೋಡಿ. ಅರ್ಧ ಕಾಯಿಲೆ ಅಲ್ಲೇ ವಾಸಿ. ದೀಪವೇ ಹತ್ತದಿದ್ದರೆ ಫ್ಯೂಸ್ ಕಡೆ ಅನುಮಾನ. ಮಿಣುಕಿದರೆ ಮೇಲೆ ಹೇಳಿದ ಕೆಪಾಸಿಟರುಗಳು. ಚಿತ್ರ ಬಂದು ಎರಡೇ ಸೆಕೆಂಡಿನಲ್ಲಿ ಕತ್ತಲಾದರೆ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಅಕ್ಷರ ಕಂಡರೆ ಪರದೆಯ ಹಿಂಬೆಳಕಿನ ದೀಪದ್ದು, ಇಲ್ಲವೇ ಅದನ್ನು ಉರಿಸುವ ಇನ್ವರ್ಟರ್ ಭಾಗದ್ದು ತಕರಾರು (ಮನೆಯ ಬ್ಯಾಟರಿ ಇನ್ವರ್ಟರ್ ಅಲ್ಲ). ಲೋ ವೋಲ್ಟೇಜನ್ನು ಬೈಯುವುದು ನಮ್ಮ ಅಭ್ಯಾಸ, ಆದರೆ ಹಿಂದೆ 100–240 ವೋಲ್ಟ್ ಎಂದು ಬರೆದಿರುವ ಮಾನಿಟರ್ 150ಕ್ಕೆಲ್ಲ ಜಗ್ಗುವುದಿಲ್ಲ. ಅದಕ್ಕೆ ಹೊಡೆತ ಬೀಳುವುದು ಹೋದ ಕರೆಂಟು ಧಡಕ್ಕನೆ ಬರುವಾಗ, ಇಲ್ಲವೇ ಕಾಫಿ ಹೂ ಅರಳಿಸುವ ಹೂಮಳೆಯ ಸಿಡಿಲಿಗೆ. ಮುಂದಿನ ಬಟನ್ ಆರಿಸಿದರೂ ಸಪ್ಲೈ ಒಳಗೆ ಎಚ್ಚರವೇ ಇರುತ್ತದೆ; ಗುಡುಗಿದಾಗ ಪ್ಲಗ್ಗನ್ನೇ ಕೀಳಬೇಕು.

ಬಿಚ್ಚುವ ಮುಂಚೆಯೂ ಪ್ಲಗ್ ಕಿತ್ತಿರಬೇಕು. ಆದರೆ ಬೋರ್ಡಿನ ಅತಿ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಸುಮಾರು 325 ವೋಲ್ಟ್ ಹಿಡಿದಿಟ್ಟುಕೊಂಡಿರಬಹುದು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಶೂರರಿದ್ದಾರೆ, ಅವರನ್ನು ದೂರವಿಡಿ. 2 ಕಿಲೋ ಓಮ್, 10 ವ್ಯಾಟಿನ ರೆಸಿಸ್ಟರನ್ನು ಇಕ್ಕಳದಲ್ಲಿ ಹಿಡಿದು ಕೆಪಾಸಿಟರಿನ ಎರಡು ಕಾಲುಗಳಿಗೆ ಕೆಲವು ಸೆಕೆಂಡು ಅಡ್ಡ ಇಟ್ಟು, ವೋಲ್ಟ್ ಅಳೆಯುವ ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಕೈ. ಮೀಟರ್ ಹಿಡಿದು ಗೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಿ.

ಸತ್ತ ಕೆಪಾಸಿಟರಿನ ತಲೆ ಅಕ್ಕಿತರಿಯ ಉಂಡೆ ಕಡಂಬುಟ್ಟಿನ ಹಾಗೆ ಉಬ್ಬಿರುತ್ತದೆ, ಒಮ್ಮೊಮ್ಮೆ ಕಂದು ಅಂಟು ಸೋರಿರುತ್ತದೆ. ಚಪ್ಪಟೆ ತಲೆಯವೂ ಒಳಗೆ ಟೊಳ್ಳಾಗಿರಬಹುದು, ಹಾಗಾಗಿ ಔಟ್‌ಪುಟ್ ಸಾಲಿನ, ಅಂದರೆ ಆ ಸಣ್ಣ ಐದಾರನ್ನೂ ಬದಲಿಸಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟೇಜ್ ಅಷ್ಟೇ ಅಥವಾ ಒಂದು ಮೆಟ್ಟಿಲು ಹೆಚ್ಚು: 1000 ಮೈಕ್ರೋಫ್ಯಾರಡ್, 16 ವೋಲ್ಟಿನದು ಇದ್ದಲ್ಲಿ 1000, 25 ವೋಲ್ಟಿನದು ನಡೆಯುತ್ತದೆ, ಎತ್ತರ ಮುಚ್ಚಳಕ್ಕೆ ತಾಗದಿದ್ದರೆ. 105 ಡಿಗ್ರಿಯದು, ಲೋ ಇಎಸ್‌ಆರ್ (ಒಳತಡೆ ಕಡಿಮೆಯದು) ಎಂದೇ ಕೇಳಿ. ಪಟ್ಟೆ ಇರುವ ಕಾಲು ಮೈನಸ್. ಅದನ್ನು ತಿರುಗಾಮುರುಗಾ ಹಾಕಿದರೆ ಸಿಡಿಯುವ ಸದ್ದಿಗೆ ಕಾಡುಹಂದಿಯೂ ತೋಟ ಬಿಟ್ಟು ಓಡೀತು. ಮಡಿಕೇರಿಯಲ್ಲಿ ಸಿಕ್ಕದಿದ್ದರೆ ಮೈಸೂರು, ಸುಮಾರು 120 ಕಿಲೋಮೀಟರ್. ಕೆಪಾಸಿಟರಿಗಿಂತ ಬಸ್ಸಿನ ಟಿಕೆಟ್ಟೇ ದುಬಾರಿ.

ಇಷ್ಟೆಲ್ಲ ಯಾಕೆ, ಹೊಸದು ತರಬಾರದೇ? ತರಬಹುದು. ಆದರೆ ಅಗಲ ಹೆಚ್ಚಿ ಎತ್ತರ ಕಡಿಮೆಯಾದ ಪರದೆ ಬಂದರೆ ಚೆಕ್‌ರೋಲನ್ನು ಉರುಳಿಸುತ್ತ ಹೋಗಬೇಕು. ಹಳೇ 1280×1024ರ ಚೌಕದಲ್ಲಿ ಆಳುಗಳ ವಸತಿಯಾದ ಇಡೀ ಲೈನ್ ಮನೆಯವರ ಹೆಸರು ಮೇಲಿಂದ ಕೆಳಗೆ ಒಟ್ಟಿಗೆ ಕಾಣುತ್ತಿತ್ತು. ಈಗ ಪಟ್ಟಿಯೇ ಅರ್ಧಕ್ಕಿಳಿದಿದೆ, ಯಾವ ಪರದೆಯಲ್ಲಾದರೂ ಹಿಡಿಸುತ್ತದೆ ಬಿಡಿ.

ಆರು ಕೆಪಾಸಿಟರ್ ಹಾಕಿದ ಮಾನಿಟರ್ ಬಟನ್ ಒತ್ತಿದ ಎರಡು ಸೆಕೆಂಡಿಗೆ ಬೆಳಗುತ್ತದೆ. ರೈಟರು ಕೊಡೆ ಮಡಚುವಷ್ಟೂ ಪುರುಸೊತ್ತಿಲ್ಲ. ಒಂದು ವಾರ ಹೇಗೋ ಕೈಕಟ್ಟಿ ನಿಲ್ಲುತ್ತಾರೆ. ಎರಡನೇ ಶನಿವಾರ, ಕೈ ಒರೆಸಿಕೊಂಡು, ಪ್ರಿಂಟರಿನ ಬಲಮೂಲೆ ನೋಡತೊಡಗುತ್ತಾರೆ.