ವಿದೇಶಿ ಉಗ್ರ ಆರೋಪಿಗೆ ಹಕ್ಕೇ ಇಲ್ಲವೇ? ಒಂದು ಸ್ಪಷ್ಟನೆ

"ವಿದೇಶಿ ಉಗ್ರರಿಗೆ ನಮ್ಮ ಸಂವಿಧಾನದಲ್ಲಿ ಯಾವ ಹಕ್ಕೂ ಇಲ್ಲ, ಕಸಬ್‌ಗೆ ವಕೀಲರನ್ನು ಕೊಟ್ಟಿದ್ದು ಸುಮ್ನೆ ದಯೆಯಿಂದ" ಎಂಬ ಮೆಸೇಜ್ ಹುಬ್ಬಳ್ಳಿಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಓಡಾಡುತ್ತಿದೆ. ನಿನ್ನೆ ದುರ್ಗದಬೈಲಿನಲ್ಲಿ ಮಿರ್ಚಿ ತಿನ್ನುತ್ತಾ ನಿಂತಿದ್ದಾಗ ಗೆಳೆಯರೊಬ್ಬರು ನನಗೂ ತೋರಿಸಿದರು. ಅದು ತಪ್ಪು.

ವಾಕ್ ಸ್ವಾತಂತ್ರ್ಯದ 19ನೇ ವಿಧಿ ನಾಗರಿಕರಿಗೆ ಮಾತ್ರ, ನಿಜ. ಆದರೆ 21ನೇ ವಿಧಿ ತೆಗೆದು ನೋಡಿ. ಅಲ್ಲಿ 'ನಾಗರಿಕ' ಅಂತಿಲ್ಲ, 'ವ್ಯಕ್ತಿ' ಅಂತಿದೆ. ಕಾನೂನಿನ ದಾರಿ ಬಿಟ್ಟು ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುವ 14ನೇ ವಿಧಿ, ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷೆ ಕೂಡದು ಎನ್ನುವ 20ನೇ ವಿಧಿಯೂ ಹಾಗೆಯೇ. ಬಂಧಿತರಿಗೆ ವಕೀಲರ ನೆರವು ಕೊಡುವ 22ನೇ ವಿಧಿ ಮಾತ್ರ ಶತ್ರು ದೇಶದ ಪ್ರಜೆಯನ್ನು ಹೊರಗಿಡುತ್ತದೆ. ಬಹುಶಃ ಗೊಂದಲ ಹುಟ್ಟಿದ್ದೇ ಅಲ್ಲಿ.

ಕಸಬ್ ಪಾಕಿಸ್ತಾನದವನು. 2008ರ ಮುಂಬೈ ದಾಳಿಯಲ್ಲಿ ಜೀವಂತ ಸಿಕ್ಕವನು. ಅವನಿಗೂ ವಕೀಲರು, ವಿಚಾರಣೆ, ಮೇಲ್ಮನವಿ ಎಲ್ಲ ಸಿಕ್ಕವು. 2012ರ ಆಗಸ್ಟ್ 29ರಂದು ಸುಪ್ರೀಂ ಕೋರ್ಟ್ ಗಲ್ಲು ಶಿಕ್ಷೆ ಎತ್ತಿಹಿಡಿಯಿತು. ನವೆಂಬರ್ 21ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಹಕ್ಕು ಕೊಟ್ಟರೆ ಬಿಟ್ಟು ಕಳಿಸಿದಂತೆ ಅಲ್ಲ, ಅಲ್ವಾ? ಸಾಕ್ಷ್ಯವೆಲ್ಲ ಕೋರ್ಟಿನಲ್ಲಿ ಪರೀಕ್ಷೆಯಾಗಿದ್ದರಿಂದಲೇ ಆ ತೀರ್ಪಿಗೆ ಅಷ್ಟು ಬಲ ಬಂತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ.