ಟಬ್ಬಿನಲ್ಲಿ ಕೂತರೆ ಕೊಬ್ಬು ಕರಗುತ್ತದಾ?

‘ಒಂದು ಗಂಟೆ ಬಿಸಿನೀರಲ್ಲಿ ಕೂತರೆ ಅರ್ಧ ಗಂಟೆ ವಾಕಿಂಗ್ ಮಾಡಿದಷ್ಟು ಕ್ಯಾಲೊರಿ ಖರ್ಚು’ ಅನ್ನುವ ಸಾಲು ವರ್ಷಕ್ಕೆ ನಾಲ್ಕು ಸಲವಾದರೂ ಹರಿದಾಡುತ್ತದೆ. ಸುಳ್ಳೇನಲ್ಲ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ 14 ಗಂಡಸರನ್ನು 40 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಕೂರಿಸಿ, ಇನ್ನೊಂದು ದಿನ ಅವರಿಂದಲೇ ಸೈಕಲ್ ತುಳಿಸಿ, 2017ರಲ್ಲಿ ಪ್ರಕಟಿಸಿದ ಅಧ್ಯಯನದ ಲೆಕ್ಕ ಅದು. ನೀರಿನಲ್ಲಿ ಕೂತ ಗಂಟೆಯಲ್ಲಿ ಸುಮಾರು 140 ಕಿಲೊಕ್ಯಾಲೊರಿ ಖರ್ಚಾಯಿತು, ಸುಮ್ಮನೆ ಕೂತಾಗಿನದಕ್ಕಿಂತ ಹೆಚ್ಚುಕಡಿಮೆ 80 ಶೇಕಡಾ ಜಾಸ್ತಿ. ಸೈಕಲ್ಲಿನ ಖರ್ಚು ಇದರ ಹಲವು ಪಟ್ಟು ಇತ್ತು, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಈ 140ನ್ನು ಸ್ವಲ್ಪ ಬಿಡಿಸಿ ನೋಡೋಣ. ಕುರ್ಚಿಯಲ್ಲಿ ಸುಮ್ಮನೆ ಕೂತರೂ ಗಂಟೆಗೆ 75–80 ಖರ್ಚಾಗುತ್ತದೆ. ಅದನ್ನು ಕಳೆದರೆ ನೀರಿನಿಂದ ಬಂದ ಹೆಚ್ಚುವರಿ ಖರ್ಚು 60ರ ಆಸುಪಾಸು. ಒಂದು ಗ್ರಾಂ ಕೊಬ್ಬಿಗೆ 9 ಕಿಲೊಕ್ಯಾಲೊರಿ. ಅಂದರೆ ಅದಷ್ಟೂ ಕೊಬ್ಬಿನಿಂದಲೇ ಬಂದರೂ ಒಂದು ಗಂಟೆಗೆ ಏಳು ಗ್ರಾಂ. ಅದೇ ಹೊತ್ತಿನಲ್ಲಿ ತೂಕದ ಯಂತ್ರ ಅರ್ಧ ಕಿಲೊ, ಕೆಲವರಲ್ಲಿ ಇನ್ನೂ ಹೆಚ್ಚು ಇಳಿಕೆ ತೋರಿಸುತ್ತದೆ. ಅದು ಬೆವರು. ನೀರೊಳಗೆ ಬೆವರುವುದು ನಮ್ಮ ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಇಳಿದ ತೂಕವೆಲ್ಲ ಕೊಬ್ಬು ಅನ್ನಿಸಿಬಿಡುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ, ಮೈ ಬಿಸಿಯಾಗಲು ನಮ್ಮ ಕೊಬ್ಬೇ ಉರಿಯುತ್ತದೆ ಅನ್ನುವುದು. ಹಾಗಲ್ಲ, ಶಾಖ ಕೊಟ್ಟದ್ದು ನೀರು. 70 ಕಿಲೊ ಮೈಯ ಉಷ್ಣತೆ ಒಂದು ಡಿಗ್ರಿ ಏರಲು ಸುಮಾರು 58 ಕಿಲೊಕ್ಯಾಲೊರಿ ಶಾಖ ಬೇಕು, ಅದನ್ನು ಟಬ್ಬಿನಿಂದ ಎಳೆದುಕೊಳ್ಳುತ್ತೇವೆ. ಹಾಗಿದ್ದರೂ ಖರ್ಚು ಏರುವುದು ಯಾಕೆ? ಒಳಗಿನ ಉಷ್ಣತೆ ಒಂದು ಡಿಗ್ರಿ ಏರಿದರೆ ಮೈಯ ರಾಸಾಯನಿಕ ಕ್ರಿಯೆಗಳ ವೇಗ 10ರಿಂದ 13 ಶೇಕಡಾ ಹೆಚ್ಚುತ್ತದೆ. ಜ್ವರ ಬಂದಾಗ ಆಗುವುದೂ ಇದೇ. ಜೊತೆಗೆ ಚರ್ಮದ ರಕ್ತನಾಳಗಳು ಹಿಗ್ಗಿ ಅಲ್ಲಿಗೆ ರಕ್ತ ತುಂಬಿಸಲು ಹೃದಯ ನಿಮಿಷಕ್ಕೆ ನೂರರ ಮೇಲೆ ಬಡಿಯುತ್ತದೆ, ಉಸಿರೂ ಹೆಚ್ಚುತ್ತದೆ. ಸ್ನಾಯು ಮಾತ್ರ ಕೆಲಸ ಮಾಡುವುದಿಲ್ಲ. ವ್ಯಾಯಾಮದ ಲಾಭಗಳಲ್ಲಿ ದೊಡ್ಡ ಪಾಲು ಬರುವುದೇ ಸ್ನಾಯು ಸಂಕುಚಿಸುವುದರಿಂದ, ಅದು ಟಬ್ಬಿನಲ್ಲಿ ಸಿಗುವ ಮಾಲಲ್ಲ.

ಹಾಗಾದರೆ ಬಿಸಿನೀರನ್ನು ಬಿಟ್ಟುಬಿಡಬೇಕೇ? ನನ್ನ ಪ್ರಕಾರ ಬಿಡಬೇಕಾದದ್ದು ಕ್ಯಾಲೊರಿ ಲೆಕ್ಕವನ್ನು. ನೋಡಬೇಕಾದದ್ದು ಸಕ್ಕರೆ ಮತ್ತು ಇನ್ಸುಲಿನ್ ಕಡೆಗೆ. ಅದೇ 14 ಜನರಲ್ಲಿ, ಆಮೇಲೆ ಊಟ ಮಾಡಿದಾಗ ರಕ್ತದ ಸಕ್ಕರೆ ಮುಟ್ಟಿದ ಎತ್ತರ ಸೈಕಲ್ ತುಳಿದ ದಿನಕ್ಕಿಂತ ನೀರಲ್ಲಿ ಕೂತ ದಿನ ಸುಮಾರು 10 ಶೇಕಡಾ ಕಡಿಮೆ ಇತ್ತು. 2018ರ ಇನ್ನೊಂದು ಅಧ್ಯಯನದಲ್ಲಿ, ತೂಕ ಹೆಚ್ಚಿದ್ದು ಕೂತೇ ಕೆಲಸ ಮಾಡುವ ಗಂಡಸರು ಎರಡು ವಾರದಲ್ಲಿ ಹತ್ತು ಸಲ 39 ಡಿಗ್ರಿ ನೀರಲ್ಲಿ ಕೂತರು. ಖಾಲಿಹೊಟ್ಟೆಯ ಸಕ್ಕರೆ, ಇನ್ಸುಲಿನ್ ಎರಡೂ ಇಳಿದವು. ಇದಕ್ಕೂ ಬಹಳ ಮೊದಲು, 1999ರಲ್ಲಿ, ಎರಡನೇ ಬಗೆಯ ಮಧುಮೇಹವಿದ್ದ ಎಂಟು ಜನ ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಆರು ದಿನ, ಮೂರು ವಾರ ಬಿಸಿನೀರಲ್ಲಿ ಕೂತಾಗ ಖಾಲಿಹೊಟ್ಟೆಯ ಸಕ್ಕರೆ 182ರಿಂದ 159ಕ್ಕೆ ಬಂದ ವರದಿ ಇದೆ. ಎಲ್ಲವೂ ಬೆರಳೆಣಿಕೆಯ ಜನರ ಮೇಲೆ ಆದದ್ದು. ಬಿಸಿನೀರಲ್ಲಿ ಕೂತಿದ್ದೇನೆ ಅನ್ನುವುದು ಕೂತವನಿಗೆ ಗೊತ್ತೇ ಇರುತ್ತದೆ, ಗುಳಿಗೆಯ ಹಾಗೆ ನಕಲಿ ಕೊಟ್ಟು ಪರೀಕ್ಷಿಸಲು ಬರುವುದಿಲ್ಲ. ಇಷ್ಟನ್ನು ತಲೆಯಲ್ಲಿಟ್ಟುಕೊಂಡೇ ಓದಬೇಕು.

ಕಾರಣ ಏನಿರಬಹುದು ಅಂದರೆ, ಜೀವಕೋಶಗಳಿಗೆ ಶಾಖ ತಟ್ಟಿದಾಗ ‘ಹೀಟ್ ಶಾಕ್ ಪ್ರೋಟೀನ್’ಗಳು ಹೆಚ್ಚುತ್ತವೆ. ಇವು ಮುದುಡಿದ ಪ್ರೋಟೀನುಗಳನ್ನು ಸರಿಪಡಿಸುವುದರ ಜೊತೆಗೆ, ಇನ್ಸುಲಿನ್ ಸಂದೇಶಕ್ಕೆ ಅಡ್ಡಗಾಲು ಹಾಕುವ ಉರಿಯೂತದ ದಾರಿಗಳನ್ನೂ ತಡೆಯುತ್ತವೆ. ಇದು ಇಲಿಗಳಲ್ಲಿ ಚೆನ್ನಾಗಿ ಕಂಡಿದೆ. ಮೇಲಾಗಿ ಸ್ನಾಯುಗಳಿಗೆ ರಕ್ತದ ಹರಿವೂ ಹೆಚ್ಚುತ್ತದೆ.

ಇದೆಲ್ಲ ಆಗಬೇಕಾದರೆ ಬಿಸಿ ತಟ್ಟಬೇಕಾದದ್ದು ಚರ್ಮಕ್ಕಲ್ಲ, ಒಳಗೆ. ಒಳಗಿನ ಉಷ್ಣತೆ ಮಾಮೂಲಿ 37ರಿಂದ 38–38.5ಕ್ಕೆ ಏರಿ ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು. ಹತ್ತು ನಿಮಿಷದ ಶವರ್‌ನಿಂದ ಇದು ಆಗದು: ಹರಿದುಹೋಗುವ ನೀರು ಮೈಯ ಒಂದು ಭಾಗಕ್ಕೆ ಮಾತ್ರ ತಾಗುತ್ತದೆ, ಉಳಿದ ಭಾಗ ಬೆವರಿ ತಣ್ಣಗಾಗುತ್ತಲೇ ಇರುತ್ತದೆ. ಸೊಂಟದವರೆಗೆ ಮಾತ್ರ ಕೂತರೆ ಏರಿಕೆ ನಿಧಾನ. ಭುಜ ಮುಳುಗಿದಾಗ ಬೆವರು ಆವಿಯಾಗುವ ದಾರಿ ಬಹುಪಾಲು ಮುಚ್ಚುತ್ತದೆ. ಆಗಲೂ 40 ಡಿಗ್ರಿಯಲ್ಲಿ ಒಳಗಿನ ಉಷ್ಣತೆ ಒಂದು ಡಿಗ್ರಿ ಮೇಲೇರಲು ಹೆಚ್ಚುಕಡಿಮೆ ಅರ್ಧ ಗಂಟೆ ಬೇಕು.

ಆರೋಗ್ಯವಂತರು ಮಾಡಿನೋಡುವುದಾದರೆ ಮೊದಲು ಬೇಕಾದದ್ದು ನೀರಿನ ಥರ್ಮಾಮೀಟರ್. ಕೈ ಅದ್ದಿ ಅಳೆಯುವುದು ನಂಬಿಕೆಗೆ ಅರ್ಹವಲ್ಲ. ತಣ್ಣಗಿನ ಕೈಗೆ 37 ಡಿಗ್ರಿಯೂ ಸುಡುತ್ತದೆ, ಹತ್ತು ನಿಮಿಷ ಕೂತ ಮೇಲೆ 40 ಕೂಡ ಉಗುರುಬೆಚ್ಚಗೆ ಅನ್ನಿಸುತ್ತದೆ. ಈ ಎರಡನೆಯದೇ ಅಪಾಯ, ‘ಆರಿತು’ ಅಂದುಕೊಂಡು ನಲ್ಲಿ ತಿರುಗಿಸುತ್ತೇವೆ. ನೀರನ್ನು ಚೆನ್ನಾಗಿ ಕಲಕಿ, ನಡುಮಟ್ಟದಲ್ಲಿ ಅಳೆಯಿರಿ. ಮೊದಲ ವಾರ 38–39 ಡಿಗ್ರಿ, 10–15 ನಿಮಿಷ ಸಾಕು. ಮೈ ಒಗ್ಗಿದ ಮೇಲೆ 40 ಡಿಗ್ರಿ, 30 ನಿಮಿಷ. ಒಬ್ಬರೇ ಇರುವಾಗ ಅದಕ್ಕಿಂತ ಮೇಲೆ ಹೋಗುವುದನ್ನು ನಾನಂತೂ ಒಪ್ಪುವುದಿಲ್ಲ. ಪ್ರಯೋಗಾಲಯದಲ್ಲಿ ಒಂದು ಗಂಟೆ ಕೂರಿಸುವಾಗ ಪಕ್ಕದಲ್ಲಿ ಮೈಯ ಉಷ್ಣತೆ ಗಮನಿಸುತ್ತ ಇನ್ನೊಬ್ಬರು ಕೂತಿರುತ್ತಾರೆ.

ನೀರು ಆರುತ್ತಲೇ ಇರುತ್ತದೆ, ಆರಿಸುವವರಲ್ಲಿ ನೀವೂ ಒಬ್ಬರು. 70 ಕಿಲೊ ಮೈಯ ಸರಾಸರಿ ಉಷ್ಣತೆ ಎರಡು ಡಿಗ್ರಿ ಏರುವಷ್ಟರಲ್ಲಿ 150 ಲೀಟರ್ ನೀರು ಮುಕ್ಕಾಲು ಡಿಗ್ರಿ ಕಳೆದುಕೊಂಡಿರುತ್ತದೆ, ಗಾಳಿಗೆ ಹೋಗುವುದು ಬೇರೆ. ಹತ್ತು ನಿಮಿಷಕ್ಕೊಮ್ಮೆ ಅಳೆಯಿರಿ. 150 ಲೀಟರ್ ನೀರು 39ಕ್ಕೆ ಇಳಿದಿದ್ದರೆ, ಮತ್ತೆ 40ಕ್ಕೆ ತರಲು 60 ಡಿಗ್ರಿಯ ನೀರು ಏಳೂವರೆ ಲೀಟರ್ ಸಾಕು. ಸುರಿಯುವ ಮುಂಚೆ ಕಾಲು ಮಡಚಿ ಹಿಂದಕ್ಕೆ ಸರಿಯಿರಿ, ಗೋಡೆಯ ಬದಿಗೆ ನಿಧಾನವಾಗಿ ಬಿಡುತ್ತ ಕಲಕಿ. 60 ಡಿಗ್ರಿ ನೀರು ನೇರ ಪಾದಕ್ಕೆ ಬಿದ್ದರೆ ಸೆಕೆಂಡುಗಳಲ್ಲಿ ಸುಟ್ಟೀತು.

ಕೆಲವರಿಗೆ ಇಪ್ಪತ್ತನೇ ನಿಮಿಷದ ಹೊತ್ತಿಗೆ ಬೆರಳ ತುದಿ ಜುಮ್ಮೆನ್ನುತ್ತದೆ, ತುಟಿಯ ಸುತ್ತ ಇರುವೆ ಹರಿದಂತಾಗುತ್ತದೆ. ಸಕ್ಕರೆ ಇಳಿಯಿತೇನೋ ಎಂದು ಹೆದರುವವರಿದ್ದಾರೆ. ಸಾಮಾನ್ಯವಾಗಿ ಕಾರಣ ಉಸಿರು: ಮೈ ಕಾದಾಗ ಬೇಕಾದದ್ದಕ್ಕಿಂತ ಹೆಚ್ಚು ಉಸಿರಾಡುತ್ತೇವೆ, ರಕ್ತದ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ಮಿದುಳಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಇದು ಏಳುವ ಸೂಚನೆ. ವಾಕರಿಕೆ, ತಲೆ ಧಿಮ್ಮೆನ್ನುವುದು, ಎದೆ ಹೊಡೆದುಕೊಳ್ಳುವುದೂ ಅಷ್ಟೇ. ‘ಇನ್ನೈದು ನಿಮಿಷ’ ಬೇಡ.

ಏಳುವುದೇ ಅತ್ಯಂತ ಎಚ್ಚರದ ಗಳಿಗೆ. ಕೂತಿದ್ದಾಗ ನೀರಿನ ಒತ್ತಡ ಕಾಲಿನ ರಕ್ತವನ್ನು ಎದೆಯ ಕಡೆಗೆ ಒತ್ತುತ್ತಿರುತ್ತದೆ. ತಟ್ಟನೆ ನಿಂತರೆ ಆ ಒತ್ತಡ ಮಾಯ, ಹಿಗ್ಗಿದ ನಾಳಗಳಿಗೆ ರಕ್ತ ಇಳಿದುಹೋಗುತ್ತದೆ, ಕಣ್ಣು ಕತ್ತಲೆ. ಜಾರುವ ಟಬ್ಬಿನ ಅಂಚು, ಒದ್ದೆ ನೆಲ, ಮುಂದಿನದ್ದು ಹೇಳಬೇಕಿಲ್ಲ. ಕೂತಿರುವಾಗಲೇ ಟಬ್ಬಿನ ನೀರು ಹೊರಗೆ ಹರಿದುಹೋಗಲು ಬಿಟ್ಟು, ಪಾದವನ್ನು ಮೇಲೆ ಕೆಳಗೆ ಇಪ್ಪತ್ತು ಸಲ ಆಡಿಸಿ, ಅಂಚಿನಲ್ಲಿ ಎರಡು ನಿಮಿಷ ಕೂತು, ಏನನ್ನಾದರೂ ಹಿಡಿದು ನಿಲ್ಲಿ. ಬಾಗಿಲ ಚಿಲಕ ಹಾಕಬೇಡಿ.

ಮುಂಚೆ, ಆಮೇಲೆ ತೂಕ ನೋಡುವುದು ಕೊಬ್ಬಿನ ಲೆಕ್ಕಕ್ಕಲ್ಲ, ಕುಡಿಯುವ ನೀರಿನ ಲೆಕ್ಕಕ್ಕೆ. 600 ಗ್ರಾಂ ಇಳಿದಿದ್ದರೆ ಮುಂದಿನ ಒಂದೆರಡು ಗಂಟೆಯಲ್ಲಿ ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ಕುಡಿಯಿರಿ.

ಗರ್ಭಿಣಿಯರಿಗೆ, ಅದರಲ್ಲೂ ಮೊದಲ ತಿಂಗಳುಗಳಲ್ಲಿ, ಇದು ಬೇಡವೇ ಬೇಡ. ಮಗುವಿಗಾಗಿ ಪ್ರಯತ್ನಿಸುತ್ತಿರುವ ಗಂಡಸರೂ ದೂರವಿರಲಿ, ವೀರ್ಯಾಣುಗಳಿಗೆ ಬಿಸಿ ಆಗಿಬರುವುದಿಲ್ಲ. ಹೃದಯದ ತೊಂದರೆ, ಬಿಪಿ ಮಾತ್ರೆ ಇದ್ದವರು ವೈದ್ಯರನ್ನು ಕೇಳದೆ ಇಳಿಯಬಾರದು. ಮದ್ಯ ಕುಡಿದವರಂತೂ ಇಳಿಯಲೇಬಾರದು. ಇನ್ಸುಲಿನ್ ಚುಚ್ಚಿಕೊಳ್ಳುವವರ ವಿಷಯ ಬೇರೆಯೇ: ಬಿಸಿಗೆ ಚರ್ಮದ ರಕ್ತಹರಿವು ಹೆಚ್ಚಿ ಚುಚ್ಚಿದ ಇನ್ಸುಲಿನ್ ಬೇಗ ಒಳಸೇರುತ್ತದೆ, ಸಕ್ಕರೆ ಧಡಕ್ಕನೆ ಬೀಳಬಹುದು.

ಗ್ಲುಕೋಮೀಟರ್ ಇಟ್ಟುಕೊಂಡಿರುವ ಉತ್ಸಾಹಿಗಳಿಗೆ ಒಂದು ಮಾತು. ನೀರಲ್ಲಿ ಇರುವಾಗಲೋ ಎದ್ದ ಕೂಡಲೇಯೋ ನೋಡಿದರೆ ಅಂಕಿ ಏರಿರಬಹುದು. ಶಾಖದ ಒತ್ತಡಕ್ಕೆ ಅಡ್ರಿನಾಲಿನ್ ಥರದ ಹಾರ್ಮೋನುಗಳು ಹೆಚ್ಚುತ್ತವೆ, ಆ ಹೊತ್ತಿನಲ್ಲಿ ತಿಂದ ಸಕ್ಕರೆ ರಕ್ತದಲ್ಲೇ ಹೆಚ್ಚು ಕಾಣುತ್ತದೆ. ಅದನ್ನು ನೋಡಿ ಗಾಬರಿಯೂ ಬೇಡ, ತೀರ್ಮಾನವೂ ಬೇಡ. ಶುರುಮಾಡುವ ಮುಂಚಿನ ಮೂರು ದಿನದ ಖಾಲಿಹೊಟ್ಟೆಯ ಅಂಕಿ ಬರೆದಿಟ್ಟುಕೊಂಡು, ಹತ್ತು ಸಲ ಕೂತಾದ ಮೇಲೆ ಮತ್ತೆ ಮೂರು ದಿನದ್ದನ್ನು ಪಕ್ಕದಲ್ಲಿಟ್ಟು ನೋಡಿ. ಆ ಎರಡು ವಾರ ವಾಕಿಂಗ್ ಮಾತ್ರ ಎಂದಿನಂತೆ ನಡೆಯಲಿ. ಅದನ್ನು ನಿಲ್ಲಿಸಿ ಟಬ್ಬಿಗೆ ಇಳಿದರೆ ಬದಲಾವಣೆ ಯಾವುದರಿಂದ ಬಂತು ಅಂತ ತಿಳಿಯುವುದಿಲ್ಲ.