ಶಿಬಿರಕ್ಕಿಂತ ಮೊದಲು ಆಸ್ಪತ್ರೆ ಸರಿಯಾಗಲಿ

ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಎಚ್‌ಐವಿ ಅರಿವು ಕಡಿಮೆ, ಅರಿವು ಮೂಡಿಸುವ ಶಿಬಿರ ಜಾಸ್ತಿ ಮಾಡಬೇಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅರ್ಧ ಮಾತ್ರ ಒಪ್ಪುತ್ತೇನೆ. ಬೆಂಗಳೂರಿನ ಹಮಾಮ್‌ಗಳಲ್ಲಿ (ಸಮುದಾಯದವರು ಗುರುಗಳ ಜೊತೆ ಒಟ್ಟಿಗೆ ಬಾಳುವ ಸ್ನಾನಗೃಹಗಳು) ಇರುವವರಿಗೆ ಗುರುಗಳಿಂದಲೋ ಜೊತೆಯವರಿಂದಲೋ ಒಂದಿಷ್ಟು ವಿಷಯ ಕಿವಿಗೆ ಬೀಳುತ್ತದೆ. ಕಷ್ಟ ಇರುವುದು ಅಲ್ಲಿಗೂ ಸೇರದೆ, ಮನೆಯಲ್ಲೂ ಹೇಳಿಕೊಳ್ಳಲಾಗದೆ, ಶಾಲೆ ಅರ್ಧಕ್ಕೆ ಬಿಟ್ಟು ಊರಲ್ಲೇ ಉಳಿದವರಿಗೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಪರೀಕ್ಷೆ ಉಚಿತ, ಸರಿ. ಆದರೆ ಗಂಡಸರ ಸಾಲಾ, ಹೆಂಗಸರ ಸಾಲಾ ಅಂತ ನೋಡುವಷ್ಟರಲ್ಲೇ ಎಲ್ಲರ ಕಣ್ಣೂ ಬಿದ್ದು, ಚೀಟಿ ಮಾಡಿಸುವ ಮೊದಲೇ ಎಷ್ಟೋ ಜನ ವಾಪಸ್ ಬರುತ್ತಾರೆ. ಪರ್ಸಿನಲ್ಲಿ ಕಾಂಡೋಮ್ ಇಟ್ಟುಕೊಂಡರೆ ಪೊಲೀಸರ ಭಯ ಬೇರೆ! 2017ರ ಎಚ್‌ಐವಿ ಕಾಯ್ದೆ ತಾರತಮ್ಯ ಮಾಡಬಾರದು, ಗುಟ್ಟು ಕಾಪಾಡಬೇಕು ಅನ್ನುತ್ತದೆ. ಅದನ್ನು ಮೊದಲು ಸಿಬ್ಬಂದಿಗೆ ಕಲಿಸಲಿ. ಅಂದ ಹಾಗೆ, ಎಚ್‌ಐವಿ ಬಗ್ಗೆ ಕೇಳಲು 1097 ಉಚಿತ ಸಹಾಯವಾಣಿ ಇದೆ, ಅದನ್ನೂ ಲೇಖನದಲ್ಲಿ ಹಾಕಬಹುದಿತ್ತು ಅಲ್ವಾ?